ಅಮ್ಮಣಿ ಮೀಯಿಸಿದ ಮಕ್ಕಳು

ಜೆಪ್ಪುವಿನಿಂದ ಬೋಳಾರದವರೆಗೆ ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂದು ತಿಳಿಯಲು ಯಾರನ್ನೂ ಕೇಳಬೇಕಾಗಿರಲಿಲ್ಲ. ಬೆಳಿಗ್ಗೆ ಏಳೂವರೆಗೆ ಅಮ್ಮಣಿ ಯಾವ ಗೇಟು ತೆರೆಯುತ್ತಾಳೆ ಎಂದು ನೋಡಿದರೆ ಸಾಕಿತ್ತು. ನಮ್ಮವರ ಮನೆ, ಬ್ಯಾರಿ ಮುಸ್ಲಿಮರ ಮನೆ, ಕ್ರಿಶ್ಚಿಯನ್ನರ ಮನೆ ಎಂದಿಲ್ಲದೆ ಇಪ್ಪತ್ತು ವರ್ಷಗಳಿಂದ ಹಸುಳೆಗಳನ್ನು ಮೀಯಿಸುವುದೇ ಅವಳ ಕೆಲಸ. ಬಾಣಂತಿಗೂ ಮಗುವಿಗೂ ಎಣ್ಣೆ ಹಚ್ಚಿ, ಬಿಸಿನೀರು ಹೊಯ್ದು, ಸಾಂಬ್ರಾಣಿ ಹೊಗೆ ತೋರಿಸಿ, ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸಿದರೆ ಒಂದು ಮನೆಯ ಕೆಲಸ ಮುಗಿಯಿತು. ನಲವತ್ತನೆಯ ದಿನ ಸೀರೆ, ಅಕ್ಕಿ, ತೆಂಗಿನಕಾಯಿ ತೆಗೆದುಕೊಂಡು ಹೋದಳೆಂದರೆ ಮತ್ತೆ ಆ ಮನೆಯ ಮೆಟ್ಟಿಲು ಹತ್ತುವುದು ಮುಂದಿನ ಹೆರಿಗೆಗೇ.

ಕುಳ್ಳಗಿನ ಹೆಂಗಸು, ಅಗಲ ಬೆನ್ನು. ಹರೆಯದಲ್ಲಿ ಹಂಚಿನ ಕಾರ್ಖಾನೆಯಲ್ಲಿ ಬಿಸಿ ಆರದ ಹಂಚುಗಳನ್ನು ಎತ್ತಿ ಎತ್ತಿ ಅವಳ ಅಂಗೈಗೆ ಕಾವು ತಿಳಿಯದಂತಾಗಿತ್ತು. ಅದಕ್ಕೇ ನೀರಿನ ಹದವನ್ನು ಮೊಣಕೈಯ ಒಳಮಗ್ಗುಲಲ್ಲಿ ನೋಡುತ್ತಿದ್ದಳು. ಬಚ್ಚಲಲ್ಲಿ ಮಣೆಯ ಮೇಲೆ ಕಾಲು ನೀಡಿ ಕೂತು, ಮಗುವನ್ನು ಕಾಲುಗಳ ಮೇಲೆ ಬೋರಲು ಮಲಗಿಸಿಕೊಂಡು ಅವಳು ಮಾತು ಶುರು ಮಾಡುತ್ತಿದ್ದಳು. ಮುದ್ದು ಮಾತಲ್ಲ, ಹಾಡಲ್ಲ. ಬೀದಿಯ ವರದಿ. ಬೋಳಾರದಲ್ಲಿ ಇವತ್ತೂ ನಳ್ಳಿಯಲ್ಲಿ ನೀರು ಬರಲಿಲ್ಲ, ಡುಲ್ಸಿನ್ ಬಾಯಿಯ ಹಂದಿ ಮೂರು ಮರಿ ಹಾಕಿತು, ಬೂತಾಯಿ ಮೀನಿಗೆ ಭಾರೀ ರೇಟು. ಮೂವತ್ತು ದಿನದ ಕೂಸುಗಳು ಅಳು ನಿಲ್ಲಿಸಿ ಅದನ್ನು ಕೇಳುತ್ತಿದ್ದವು. ನಮ್ಮ ಮನೆಯಲ್ಲೂ ಕೇಳಿತು. ನನಗೆ ಅಲ್ಲಿಂದಲೇ ಹೊಟ್ಟೆಕಿಚ್ಚು ಶುರುವಾದದ್ದು.

ಎಪ್ಪತ್ತೇಳನೆಯ ಇಸವಿಯ ಮಳೆಗಾಲದಲ್ಲಿ ನನ್ನ ಮಗಳು ಶಶಿಪ್ರಭಾ ಹುಟ್ಟಿದಳು. ನನ್ನ ತಾಯಿಗೆ ಉಬ್ಬಸ ಇದ್ದುದರಿಂದ ಬಾಣಂತನ ಜೆಪ್ಪುವಿನ ಗಂಡನ ಮನೆಯಲ್ಲೇ ಆಯಿತು. ನಾನು ಕಾನ್ವೆಂಟಿನಲ್ಲಿ ಓದಿದವಳು, ಬಿ.ಎ. ಪಾಸು. ಮಗು ಎಷ್ಟು ಗಂಟೆಗೆ ಹಾಲು ಕುಡಿಯಿತು, ಎಷ್ಟು ಹೊತ್ತು ಮಲಗಿತು ಎಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಒಂದು ಸೀನು ಸೀನಿದರೆ ನ್ಯುಮೋನಿಯಾ ಎಂದು ಹೆದರುತ್ತಿದ್ದೆ. ಅತ್ತೆ ನಕ್ಕು, ಈ ಹುಡುಗಿ ಮಗುವನ್ನು ಪರೀಕ್ಷೆಗೆ ಓದಿದ ಹಾಗೆ ಓದುತ್ತಾಳೆ ಎಂದು ಅಮ್ಮಣಿಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು.

ಮೂವತ್ತನೆಯ ದಿನಕ್ಕೆ ನನ್ನ ಕಣ್ಣು ಹಳದಿಯಾಯಿತು. ಕಾಮಾಲೆ. ಮಗುವನ್ನು ಹತ್ತಿರ ಬಿಡಬೇಡಿ ಎಂದು ಡಾಕ್ಟರರು ಹೇಳಿದರು. ನನ್ನನ್ನು ಮಾಳಿಗೆಯ ಕೋಣೆಯಲ್ಲಿ ಮಲಗಿಸಿದರು. ಗುಣವಾಯಿತು ಎನ್ನುವಷ್ಟರಲ್ಲಿ ಎರಡು ಸಲ ಮರುಕಳಿಸಿತು. ಎದೆಯ ಹಾಲು ಬತ್ತಿತು. ನಲವತ್ತು ದಿನಕ್ಕೆ ಹೋಗಬೇಕಾದ ಅಮ್ಮಣಿಯನ್ನು ಅತ್ತೆ ನಿಲ್ಲಿಸಿಕೊಂಡರು. ಬೇರೆ ಮನೆಗಳನ್ನೆಲ್ಲ ಬಿಟ್ಟು ಅವಳು ಬೆಳಿಗ್ಗೆ ಬಂದವಳು ಸಂಜೆ ದೀಪ ಹಚ್ಚುವ ಹೊತ್ತಿಗೆ ಹೋಗುತ್ತಿದ್ದಳು. ನಾನು ಮೇಲೆ ಮಲಗಿ ಕೆಳಗಿನ ಬಚ್ಚಲಿನ ಸದ್ದು ಕೇಳುತ್ತಿದ್ದೆ. ಮಗು ಮೊದಲ ಸಲ ಗಟ್ಟಿಯಾಗಿ ನಕ್ಕದ್ದನ್ನು ನಾನು ಕೇಳಿದೆ, ನೋಡಲಿಲ್ಲ. ಯಾರ ಮುಖ ನೋಡಿ ನಕ್ಕಿತು ಎಂಬುದು ಗೊತ್ತಿತ್ತು.

ಅಂತೂ ನಾನು ಕೆಳಗಿಳಿದು ಬಂದಾಗ ಶಶಿಗೆ ಏಳು ತಿಂಗಳು ತುಂಬಿತ್ತು. ಸೀರೆ ಬದಲಿಸಿ, ತಲೆ ಬಾಚಿ, ಹಣೆಗೆ ಬೊಟ್ಟು ಇಟ್ಟುಕೊಂಡು ಇಳಿದಿದ್ದೆ. ಅಮ್ಮಣಿಯ ಸೊಂಟದ ಮೇಲೆ ಇದ್ದ ಮಗಳು ನನ್ನನ್ನು ಚೆನ್ನಾಗಿಯೇ ನೋಡಿದಳು, ಮನೆಗೆ ಬಂದ ನೆಂಟರನ್ನು ನೋಡುವ ಹಾಗೆ. ನಾನು ಕೈ ಚಾಚಿದೆ. ಅವಳು ತಿರುಗಿ ಅಮ್ಮಣಿಯ ಕುಪ್ಪಸದೊಳಗೆ ಮುಖ ಹುದುಗಿಸಿದಳು.

"ಯಾರು ಗೊತ್ತುಂಟಾ ಇವರು?" ಎಂದು ಅಮ್ಮಣಿ ತನ್ನ ವರದಿಯ ದನಿಯಲ್ಲೇ ಮಗುವಿಗೆ ಹೇಳಿದಳು. "ಮಾಳಿಗೆಯಲ್ಲಿ ನರಳುತ್ತಾ ಇದ್ದದ್ದು ಇವರೇ."

ಅತ್ತೆ ನಕ್ಕರು. ನನಗೆ ನಗಲಾಗಲಿಲ್ಲ.

ಆಮೇಲಿನ ಒಂದು ತಿಂಗಳು ನಾನು ಮಾಡಿದ್ದನ್ನೆಲ್ಲ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮಗುವಿನ ನೆತ್ತಿ ಮೂಸಿದರೆ ಅಮ್ಮಣಿಯ ಎಲೆಯಡಿಕೆಯ ವಾಸನೆ ಬರುತ್ತಿತ್ತು. ಅದು ಹೋಗಲಿ ಎಂದು ಪೌಡರು ಸುರಿಯುತ್ತಿದ್ದೆ. ಬಚ್ಚಲ ಬಾಗಿಲ ಹಿಂದೆ ನಿಂತು ಅವಳು ಹೇಗೆ ಮಾತಾಡುತ್ತಾಳೆ ಎಂದು ಕೇಳಿಸಿಕೊಂಡು, ಮಧ್ಯಾಹ್ನ ಅವಳು ಊಟಕ್ಕೆ ಕೂತಾಗ ಅದೇ ದನಿಯಲ್ಲಿ ಮಗುವಿಗೆ ಬೂತಾಯಿಯ ರೇಟು ಹೇಳಿದೆ. ಮಗು ತುಟಿ ಡೊಂಕು ಮಾಡಿ ಅಡುಗೆಮನೆಯ ಕಡೆ ನೋಡಿತು. ಅಲ್ಲಿಂದ ಅಮ್ಮಣಿ ಒಮ್ಮೆ ಕೆಮ್ಮಿದಳು. ಮಗುವಿನ ಮುಖ ಅರಳಿತು. ಬರೀ ಒಂದು ಕೆಮ್ಮಿಗೆ.

ಒಂದು ಸೋಮವಾರ ನಾನು ಅವಳನ್ನು ಹಿತ್ತಿಲಿಗೆ ಕರೆದು, ಮಗುವಿಗೆ ಇನ್ನು ಎಣ್ಣೆಸ್ನಾನ ಮಾಡಿಸಬಾರದು, ಹೊರಗಿನವರ ಕೈ ತಾಗಬಾರದು ಎಂದು ಡಾಕ್ಟರರು ಹೇಳಿದ್ದಾರೆ ಎಂದೆ. ಯಾವ ಡಾಕ್ಟರರೂ ಹೇಳಿರಲಿಲ್ಲ.

"ಏಳು ದಿನ ಕೊಡಿ ಸಣ್ಣಕ್ಕ," ಎಂದಳು. ಮನೆಯ ಸೊಸೆಯಾದ ನನ್ನನ್ನು ಅವಳು ಕರೆಯುತ್ತಿದ್ದದ್ದು ಹಾಗೆ. "ಏಳು ದಿನ ಬಂದು ಹೋಗ್ತೇನೆ. ನನಗೆ ಎಂತದೂ ಕೊಡುವುದು ಬೇಡ."

ಮಗುವನ್ನು ಬಿಡಲು ಅವಳಿಗೇ ಮನಸ್ಸಿಲ್ಲ, ಇನ್ನೂ ಏಳು ದಿನ ಹಿಂಡಿಕೊಳ್ಳಲು ನೋಡುತ್ತಿದ್ದಾಳೆ ಎಂದು ನನಗೆ ಅನ್ನಿಸಿತು. ಬೇಡ ಎಂದೆ. ಬಾಲೆಗೆ ಹೇಳಿಯಾದರೂ ಹೋಗ್ತೇನೆ ಎಂದಳು; ಗಂಡಾಗಲಿ ಹೆಣ್ಣಾಗಲಿ, ಕೂಸೆಂದರೆ ಅವಳ ಬಾಯಲ್ಲಿ ಬಾಲೆ. ಮಲಗಿದೆ, ಎಬ್ಬಿಸುವುದು ಬೇಡ ಎಂದೆ. ಅವಳು ಹಿತ್ತಿಲ ದಣಪೆ ದಾಟಿ ಹೋದಳು.

ಮರುದಿನ ಏಳೂವರೆಗೆ ಶಶಿ ಗೇಟಿನ ಕಡೆ ತಿರುಗಿ ಕಾದಳು. ಗಂಜಿ ಬಾಯಿಗಿಟ್ಟರೆ ಉಗುಳಿದಳು. ನನ್ನ ಕೈಯಲ್ಲಿ ಮೀಯಿಸಿದರೆ ಉಸಿರು ಕಟ್ಟುವಂತೆ ಅತ್ತಳು. ಒಂಬತ್ತು ದಿನ ಹೀಗಾಯಿತು. ಡಾಕ್ಟರರ ಮಾತೆಂದ ಮೇಲೆ ಅತ್ತೆಯೂ ಅಮ್ಮಣಿಯನ್ನು ಕರೆಸುವ ಹಾಗಿರಲಿಲ್ಲ. ಹತ್ತನೆಯ ದಿನ ಮಗುವಿನ ಅಳು ನಿಂತಿತು, ಗೇಟಿನ ಕಡೆ ನೋಡುವುದೂ ನಿಂತಿತು. ನಾನು ಗೆದ್ದೆ ಎಂದುಕೊಂಡೆ.

ಶಶಿ ಬೆಳೆದಳು. ನನ್ನನ್ನು ಅಮ್ಮ ಎಂದಳು, ಕೊಟ್ಟದ್ದನ್ನು ತಿಂದಳು. ಆದರೆ ಬಿದ್ದು ಮೊಣಕಾಲು ಒಡೆದುಕೊಂಡರೆ ನನ್ನ ಹತ್ತಿರ ಓಡಿ ಬರುತ್ತಿರಲಿಲ್ಲ. ಒಬ್ಬಳೇ ಮೆಟ್ಟಿಲ ಮೇಲೆ ಕೂತು ಗಾಯವನ್ನು ಊದಿಕೊಳ್ಳುತ್ತಿದ್ದಳು. ಎತ್ತಿಕೊಂಡರೆ ಮರದ ತುಂಡಿನಂತೆ ಬಿಗಿಯಾಗಿ, ಇಳಿಸುವುದನ್ನೇ ಕಾಯುತ್ತಿದ್ದಳು. ಪಕ್ಕದ ಮನೆಯ ಮಕ್ಕಳು ತಾಯಿಯ ಸೆರಗಿಗೆ ಜೋತು ಬೀಳುವುದನ್ನು ನೋಡಿದರೆ ನನಗೆ ಕಣ್ಣು ಕೆಂಪಾಗುತ್ತಿತ್ತು. ನನಗೆ ಬೇಕಾದದ್ದು ಅಷ್ಟೇ: ಒಂದು ಸಲ, ಯಾರೂ ಹೇಳದೆ, ಅವಳಾಗಿ ನನ್ನ ಹತ್ತಿರ ಬರಬೇಕು. ಪೇಟೆಗೋ ಮದುವೆಗೋ ಹೋಗುವಾಗ ಅವಳು ಅಳಬಾರದೆಂದು ನಾನು ಹಿಂದಿನ ಬಾಗಿಲಿನಿಂದ ಹೇಳದೆ ಹೋಗುತ್ತಿದ್ದೆ. ಬಂದ ಮೇಲೆ ಅವಳು ಎಲ್ಲಿಗೆ ಹೋಗಿದ್ದೆ ಎಂದೂ ಕೇಳುತ್ತಿರಲಿಲ್ಲ. ಮುಖ ತಿರುಗಿಸಿ ಕೂರುತ್ತಿದ್ದಳು.

ಶಾಲೆಗೆ ಸೇರಿದ ಮೇಲೆ ಅವಳಿಗೊಬ್ಬಳು ಗೆಳತಿ ಸಿಕ್ಕಿದಳು, ಬೋಳಾರದ ಮುಮ್ತಾಝ್. ತಾಯಿಯ ಹೆಸರು ರಹ್ಮತ್, ತಂದೆ ದುಬೈಯಲ್ಲಿ. ಎಣ್ಣೆ ಹಚ್ಚಿ ಬಿಗಿದು ಹೆಣೆದ ಒಂದೇ ಜಡೆ, ನೀಲಿ ರಬ್ಬರಿನ ಚಪ್ಪಲಿ, ಯಾವಾಗ ನೋಡಿದರೂ ನಗುವ ಬಾಯಿ. ಶಶಿಗೆ ಬೆಳಗಾದರೆ ಮುಮ್ತಾಝ್, ಉಣ್ಣುವಾಗ ಮುಮ್ತಾಝ್. ಒಂದನೇ ತರಗತಿಯಲ್ಲಿ ತೆರೆಸಾ ಟೀಚರು ನನ್ನನ್ನು ಕರೆಸಿ ದೂರು ಹೇಳಿದರು. ಶಶಿ ಬರೆಯುವಾಗ ಎಡಗೈಯಲ್ಲಿ ಮುಮ್ತಾಝಳ ಜಡೆಯ ತುದಿಯನ್ನು ಹಿಡಿದುಕೊಂಡೇ ಇರುತ್ತಾಳಂತೆ. ಬೇರೆ ಹುಡುಗಿ ಮುಮ್ತಾಝಳೊಡನೆ ಮಾತಾಡಿದರೆ ಚಿವುಟುತ್ತಾಳಂತೆ. ಒಂದು ವಾರ ಮುಮ್ತಾಝ್ ಉಳ್ಳಾಲದ ಮದುವೆಗೆ ಹೋಗಿ ಬಂದರೆ, ಇವಳು ಮೂರು ದಿನ ಅವಳ ಮುಖವನ್ನೇ ನೋಡಲಿಲ್ಲವಂತೆ.

"ಹಿಡಿದರೆ ಬಿಡುವುದಿಲ್ಲ, ಬಿಟ್ಟರೆ ತಿರುಗಿ ನೋಡುವುದಿಲ್ಲ. ನಡುವಿನದ್ದು ಇವಳಿಗೆ ಗೊತ್ತೇ ಇಲ್ಲ," ಎಂದರು ಟೀಚರು. "ಮನೆಯಲ್ಲಿ ಎಂತಾದರೂ ಆಗಿದೆಯಾ?"

ಎಂತದೂ ಆಗಿಲ್ಲ ಎಂದೆ. ಹಾಗೆ ಹೇಳಿ ಕ್ಲಾಸಿನ ಕಿಟಕಿಯಿಂದ ಒಳಗೆ ನೋಡಿದೆ. ಮುಮ್ತಾಝ್ ಜಡೆಯನ್ನು ಬಿಟ್ಟುಕೊಟ್ಟು, ಅದು ತನ್ನದಲ್ಲವೇ ಅಲ್ಲ ಎನ್ನುವ ಹಾಗೆ ಕತ್ತು ಓರೆ ಮಾಡಿ ನಿಶ್ಚಿಂತೆಯಿಂದ ಲೆಕ್ಕ ಮಾಡುತ್ತಿದ್ದಳು. ನನ್ನ ಮಗಳ ಮುಷ್ಟಿಯಲ್ಲಿ ಆ ಜಡೆ. ಆ ಮುಷ್ಟಿ ನನ್ನ ಸೆರಗನ್ನು ಒಮ್ಮೆಯೂ ಹಾಗೆ ಹಿಡಿದಿರಲಿಲ್ಲ. ಆರು ವರ್ಷದ ಹುಡುಗಿಯ ಮೇಲೆ, ಅದೂ ಅಷ್ಟು ಒಳ್ಳೆಯ ಹುಡುಗಿಯ ಮೇಲೆ ನನಗೆ ಹೊಟ್ಟೆಕಿಚ್ಚು. ಮಳೆಯಲ್ಲಿ ಅವಳು ಒದ್ದೆಯಾಗಿ ನಿಂತಿದ್ದರೂ ನಮ್ಮ ಕೊಡೆಯೊಳಗೆ ಬಾ ಎಂದು ಒಂದು ದಿನ ನಾನು ಕರೆಯಲಿಲ್ಲ.

ಎಂಬತ್ತಮೂರನೆಯ ಇಸವಿಯ ದೀಪಾವಳಿ ಕಳೆದ ಮೇಲೆ ಗಂಡುಮಗು ಹುಟ್ಟಿತು. ಆಸ್ಪತ್ರೆಯಿಂದ ಬಂದ ಮರುದಿನ ಏಳೂವರೆಗೆ ಗೇಟಿನ ಸದ್ದಾಯಿತು. ಅತ್ತೆ ನನ್ನನ್ನು ಕೇಳದೆಯೇ ಅಮ್ಮಣಿಗೆ ಹೇಳಿ ಕಳಿಸಿದ್ದರು. ಅಮ್ಮಣಿಯ ಕೂದಲು ಅರ್ಧ ಬೆಳ್ಳಗಾಗಿತ್ತು. ಬಚ್ಚಲಲ್ಲಿ ನನ್ನ ನೆತ್ತಿಗೆ ಎಣ್ಣೆ ತಟ್ಟುತ್ತಾ, "ಎಣ್ಣೆ ಹಾಕಬಾರದು ಅಂತ ಹೇಳಿದ ಆ ಡಾಕ್ಟ್ರು ಈಗ ಇದ್ದಾರಾ ಸಣ್ಣಕ್ಕ?" ಎಂದು ಕೇಳಿದಳು.

"ಇಲ್ಲ. ಬೇರೆ ಊರಿಗೆ ಹೋದರು," ಎಂದೆ.

"ಒಳ್ಳೇದಾಯ್ತು," ಎಂದು ಬೆನ್ನಿಗೆ ಒಂದು ತಂಬಿಗೆ ಸುಡುನೀರು ಹೊಯ್ದಳು. ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ.

ಶಶಿಗೆ ಅವಳ ಗುರುತು ಸಿಗಲಿಲ್ಲ. ಸಿಗುವುದಾದರೂ ಹೇಗೆ? ಆದರೂ ಶಾಲೆಗೆ ಹೋಗುವ ಮೊದಲು ಬಚ್ಚಲ ಹೊಸ್ತಿಲ ಮೇಲೆ ಕೂತು, ತಮ್ಮನಿಗೆ ಅಮ್ಮಣಿ ಕೊಡುವ ವರದಿಯನ್ನು ಬಾಯಿ ತೆರೆದು ಕೇಳುತ್ತಿದ್ದಳು. ನಾಲ್ಕನೆಯ ದಿನ ಹೊಸ್ತಿಲಿನಿಂದ ಮಣೆಯ ಹತ್ತಿರಕ್ಕೆ ಸರಿದಳು. ನನ್ನ ಹಳೆಯ ಉರಿ ಮತ್ತೆ ಹೊತ್ತಿತು. ಮುಮ್ತಾಝಳನ್ನು ಮೀಯಿಸಿದ್ದೂ ಅಮ್ಮಣಿಯೇ ಎಂದು ಒಂದು ದಿನ ಮಾತಿನ ನಡುವೆ ತಿಳಿಯಿತು. ಇವರಿಬ್ಬರೂ ಈ ಕಾಲಿನ ಮೇಲೆ ಉಚ್ಚೆ ಹೊಯ್ದವರೇ ಎಂದು ಅವಳು ನಕ್ಕಾಗ ಶಶಿಯೂ ನಕ್ಕಳು. ನನಗೆ ಮಾತ್ರ, ಈ ಹೆಂಗಸಿನ ಕೈ ದಾಟದೆ ಈ ಊರಿನಲ್ಲಿ ಒಂದು ಮಗುವೂ ನನ್ನ ಬಳಿಗೆ ಬರಲಾರದು ಎನ್ನಿಸಿತು.

ಮೂವತ್ತಮೂರನೆಯ ದಿನ ಅಮ್ಮಣಿ ಮಣೆಯ ಒಂದು ಬದಿಗೆ ಸರಿದು, ನನ್ನನ್ನು ಪಕ್ಕದಲ್ಲಿ ಕೂರಲು ಹೇಳಿದಳು. ಮಗು ಅವಳ ಕಾಲ ಮೇಲೆ, ತಂಬಿಗೆ ನನ್ನ ಕೈಯಲ್ಲಿ. ಇದೇನು, ಇನ್ನೂ ಏಳು ದಿನ ಉಂಟಲ್ಲ ಎಂದೆ.

"ಅದಕ್ಕೇ ಇವತ್ತು ಶುರು ಮಾಡುವುದು," ಎಂದಳು. "ಬಾಲೆಗೆ ಗೊತ್ತಿರುವುದು ನನ್ನ ಕೈ. ಒಂದೇ ದಿನ ಅದು ಹೋಗಿ ನಿಮ್ಮ ಕೈ ಬಂದರೆ ಅದು ಎಂತ ಅಂತ ತಿಳ್ಕೊಳ್ಳಬೇಕು? ಇವತ್ತು ನೀವು ನೀರು ಹೊಯ್ಯಿರಿ. ನಾಳೆ ತಲೆ ಹಿಡಿಯಿರಿ. ಆಮೇಲೆ ನಿಮ್ಮ ಕಾಲ ಮೇಲೆ ಹಾಕ್ತೇನೆ, ನಾನು ಮಾತಾಡ್ತಾ ಇರ್ತೇನೆ. ಕೊನೆಯ ದಿನ ನಾನು ಜಗಲಿಯಲ್ಲಿ ಕೂತು ಸುಮ್ಮನೆ ಕೆಮ್ಮುವುದು. ಅಷ್ಟು ಸಾಕು."

ನನ್ನ ಕೈಯಲ್ಲಿದ್ದ ತಂಬಿಗೆ ಹಾಗೆಯೇ ನಿಂತಿತು. ಅಂದು ಹಿತ್ತಿಲಲ್ಲಿ ಆ ಏಳು ದಿನ ಇದಕ್ಕಾಗಿ ಕೇಳಿದ್ದಾ ಎಂದು ಕೇಳಿದೆ. ಅವಳು ಹೌದು ಎನ್ನಲಿಲ್ಲ, ನೀರು ತಣಿಯುತ್ತದೆ ಹೊಯ್ಯಿರಿ ಎಂದಳು.

ಮಗುವನ್ನು ಮಲಗಿಸಿದ ಮೇಲೆ ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಾ ಅವಳು ತನ್ನ ಮಗಳ ಸಂಗತಿ ಹೇಳಿದಳು. ಆರು ವರ್ಷದಲ್ಲಿ ಅವಳ ಬಾಯಿಂದ ಅವಳದೇ ಮಾತು ನಾನು ಕೇಳಿದ್ದು ಅದೇ ಮೊದಲು. ಹೆತ್ತು ಒಂದೂವರೆ ತಿಂಗಳಿಗೆ ಕಾರ್ಖಾನೆಗೆ ಹೋಗಬೇಕಾಯಿತಂತೆ. ಗಂಡ ಶೀನಪ್ಪನೂ ಅಲ್ಲೇ ಕೂಲಿ. ಅಳಿಸುವುದು ಯಾಕೆಂದು ಮಗು ಏಳುವ ಮೊದಲೇ ಹೊರಡುವುದು, ಬರುವಾಗ ಅದು ಮಲಗಿರುವುದು. ಸಾಕಿದ್ದೆಲ್ಲ ಅವಳ ಅತ್ತೆ. ಮಗಳಿಗೆ ಮಾತು ಬಂದಾಗ ಅಜ್ಜಿಯನ್ನು ಅಪ್ಪೆ, ಅಂದರೆ ತಾಯಿ, ಎಂದು ಕರೆದಳು, ಇವಳನ್ನು ಕೇರಿಯವರು ಕರೆಯುವ ಹಾಗೆ ಅಮ್ಮಣಿ ಎಂದಳು. ಈಗ ಆ ಮಗಳಿಗೆ ಉಳ್ಳಾಲದಲ್ಲಿ ಸಂಸಾರ. ಹೋದರೆ ಕುರ್ಚಿ ಹಾಕಿ ಕಾಫಿ ಕೊಡುತ್ತಾಳೆ. ಈಗಲೂ ಅಮ್ಮಣಿ ಎಂದೇ ಕರೆಯುತ್ತಾಳೆ.

"ಗೋಡೆಯಲ್ಲಿ ನನ್ನ ಅತ್ತೆಯ ಫೋಟೋ ಉಂಟು. ಅದಕ್ಕೆ ಅವಳು ದಿನಾ ಹೂ ಇಡ್ತಾಳೆ," ಎಂದಳು. "ಸತ್ತವಳ ಮೇಲೆ ಹೊಟ್ಟೆಕಿಚ್ಚು ನನಗೆ, ಸಣ್ಣಕ್ಕ."

ಅವಳು ಎದ್ದು ಹೋದ ಮೇಲೂ ನಾನು ಅಲ್ಲೇ ಕೂತಿದ್ದೆ. ಅವಳಿಗೂ ಇದೇ ರೋಗವೇ ಎಂದು ಸಮಾಧಾನವಾಯಿತು ಎಂದರೆ ಸುಳ್ಳಾಗದು. ಆದರೆ ಅವಳ ಮಗಳಿಗೆ ಈಗ ಮೂವತ್ತು, ನನ್ನವಳಿಗೆ ಆರು. ಆ ಲೆಕ್ಕ ನನ್ನನ್ನು ಹೆದರಿಸಿತು.

ಮೂವತ್ತೇಳನೆಯ ದಿನ ಅಮ್ಮಣಿ ಒಂದು ಸುದ್ದಿ ತಂದಳು. ಮುಮ್ತಾಝಳ ತಂದೆ ವೀಸಾ ಕಳಿಸಿದ್ದಾರೆ. ತಾಯಿ ಮಗಳು ನಾಡಿದ್ದು ಹನ್ನೊಂದು ಗಂಟೆಗೆ ಹೊರಡುತ್ತಾರೆ, ಬೊಂಬಾಯಿಯಿಂದ ದುಬೈ. ಶಶಿ ಶಾಲೆಯಲ್ಲಿದ್ದಳು. ಮುಮ್ತಾಝ್ ಎರಡು ದಿನಗಳಿಂದ ಶಾಲೆಗೆ ಬಂದಿರಲಿಲ್ಲ, ಜ್ವರವಿರಬೇಕು ಎಂದು ಇವಳು ನಂಬಿದ್ದಳು.

ನನ್ನ ಎದೆಯಲ್ಲಿ ಮೊದಲು ಎದ್ದದ್ದು ಸಂತೋಷ. ಜಡೆ ಹೋಯಿತು, ಇನ್ನು ನಾನೇ. ಹೇಳುವುದು ಬೇಡ, ಒಂದು ವಾರ ಕೇಳುತ್ತಾಳೆ, ಆಮೇಲೆ ಮರೆಯುತ್ತಾಳೆ, ಸಣ್ಣ ಮಕ್ಕಳಲ್ಲವಾ ಎಂದು ಅತ್ತೆಗೆ ಹೇಳಿದೆ. ಅತ್ತೆಯೂ ಹೌದೆಂದರು.

ಅಮ್ಮಣಿ ಮಗುವಿನ ಬಟ್ಟೆ ಹಿಂಡುತ್ತಿದ್ದಳು. ತಲೆ ಎತ್ತದೆ, "ಮರೆಯುವುದಿಲ್ಲ," ಎಂದಳು. "ಕೇಳುವುದು ನಿಲ್ಲಿಸ್ತಾಳೆ. ಅದು ಬೇರೆ."

ಅಮ್ಮಣಿ ಹೋದ ಹತ್ತನೆಯ ದಿನ ನಿಂತ ಶಶಿಯ ಅಳು ನನಗೆ ನೆನಪಾಯಿತು. ಗೆದ್ದದ್ದಲ್ಲ ಅದು.

ಆ ಸಂಜೆ ಶಶಿಗೆ ಹೇಳಿದೆ. ಅವಳು ಗೋಡೆಯ ಕಡೆ ತಿರುಗಿ ಕೂತಳು, ಊಟ ಮಾಡಲಿಲ್ಲ, ಅಳಲೂ ಇಲ್ಲ. ಮುಮ್ತಾಝ್ ಬೇಡ ನನಗೆ ಎಂದಳು. ಹೊರಡುವ ದಿನ ಬೆಳಿಗ್ಗೆ ನನ್ನ ಗಂಡ ತಾರಾನಾಥರು, ತಾನು ಕರೆದುಕೊಂಡು ಹೋಗಿ ತೋರಿಸಿ ಬರುತ್ತೇನೆ ಎಂದರು. ಅದೇ ಸರಿ ಎಂದರು ಅತ್ತೆ. ಬಾಣಂತಿ ನಲವತ್ತು ತುಂಬದೆ ಹೊಸ್ತಿಲು ದಾಟುವಂತಿಲ್ಲ, ಅಂದು ಮೂವತ್ತೊಂಬತ್ತು. ಈ ಕಟ್ಟುಗಳನ್ನೆಲ್ಲ ನಮ್ಮೆಲ್ಲರಿಗಿಂತ ಹೆಚ್ಚು ಬಲ್ಲವಳು ಅಮ್ಮಣಿ. ಅವಳೇ ನನ್ನನ್ನು ಹೊರಡಿಸಲು ಕಿವಿಗೆ ಹತ್ತಿ ತುರುಕಿ ತಲೆಗೆ ಶಾಲು ಸುತ್ತಿದಳು.

"ಯಾರು ಕರ್ಕೊಂಡು ಹೋದರೂ ಮುಮ್ತಾಝಳನ್ನು ನೋಡಬಹುದು ದೊಡ್ಡಮ್ಮ," ಎಂದು ಅತ್ತೆಗೆ ಹೇಳಿದಳು. "ಆಮೇಲೆ ಅಳುವುದುಂಟಲ್ಲ, ಅದು ಯಾರ ಹತ್ತಿರ?"

ಅತ್ತೆ ಮುಖ ಗಂಟಿಕ್ಕಿ ಒಳಗೆ ಹೋದರು. ಮಗುವಿಗೆ ಆಗಷ್ಟೇ ಹಾಲು ಕುಡಿಸಿದ್ದೆ. ಅದನ್ನು ಅಮ್ಮಣಿಯ ಕೈಗೆ ಕೊಟ್ಟೆ. ಹೋಗಿ ಒಂದು ಗಂಟೆಯಲ್ಲಿ ಬರುತ್ತೇನೆ ಎಂದು ಅದರ ಮುಖ ನೋಡಿ ಹೇಳಿದೆ. ಮೂವತ್ತೊಂಬತ್ತು ದಿನದ ಕೂಸಿಗೆ ಏನು ತಿಳಿಯಬೇಕು? ಅಮ್ಮಣಿ ನಗಲಿಲ್ಲ.

ರಹ್ಮತರ ಮನೆಯ ಮುಂದೆ ಕಾರು ನಿಂತಿತ್ತು. ಶಶಿ ನನ್ನ ಹಿಂದೆ ಬೇಲಿಯ ಕಡೆ ಮುಖ ಮಾಡಿ ನಿಂತಳು. ಹೊಸ ಫ್ರಾಕು ಹಾಕಿದ ಮುಮ್ತಾಝ್ ಓಡಿ ಬಂದು, ಇವಳು ಯಾವ ಕಡೆ ತಿರುಗಿದರೆ ಆ ಕಡೆಗೇ ಸುತ್ತಿ ಬಂದು ಎದುರು ನಿಂತಳು. ಮೂರು ಸಲ ಹಾಗಾಯಿತು. ನಾಲ್ಕನೆಯ ಸಲ ಶಶಿಗೆ ನಗು ಬಂತು. ಅವರು ಕಾರಿನ ಹಿಂದೆ ನಿಂತು ಏನೇನೋ ಮಾತಾಡಿಕೊಂಡರು. ರಹ್ಮತ್ ನನ್ನ ಕೈ ಹಿಡಿದು, ಬಾಣಂತಿಯಾಗಿ ಬಿಸಿಲಿಗೆ ಬಂದಿರಲ್ಲ ಎಂದು ನೊಂದುಕೊಂಡರು. ಮಳೆಯಲ್ಲಿ ಅವರ ಮಗಳನ್ನು ಒದ್ದೆಯಾಗಲು ಬಿಟ್ಟವಳು ನಾನು ಎಂದು ಅವರಿಗೆ ಹೇಳಲು ಬಾಯಿ ಬರಲಿಲ್ಲ.

ಕಾರು ಹೋಯಿತು. ಶಶಿ ಕೈ ಬೀಸಿದಳು, ಸುಮ್ಮನೆ ನನ್ನ ಜೊತೆ ನಡೆದಳು. ಮಂಗಳಾದೇವಿ ದೇವಸ್ಥಾನದ ತಿರುವಿಗೆ ಬಂದಾಗ ಒಮ್ಮೆಲೇ ರಸ್ತೆಯ ಅಂಚಿನಲ್ಲಿ ಕೂತುಬಿಟ್ಟಳು. ಅಂಥ ಅಳುವನ್ನು ನಾನು ಅವಳ ಎಂಟನೆಯ ತಿಂಗಳಿನಿಂದೀಚೆಗೆ ಕೇಳಿರಲಿಲ್ಲ. ಕೈ ಚಾಚಿದೆ.

"ನೀನು ಬೇಡ. ಮುಮ್ತಾಝ್ ಬೇಕು."

ಚಾಚಿದ ಕೈ ಹಿಂದಕ್ಕೆ ಬಂತು. ಹಳೆಯ ನಾನಾಗಿದ್ದರೆ ದರದರ ಎಳೆದುಕೊಂಡು ಹೋಗುತ್ತಿದ್ದೆ. ಅವಳ ಪಕ್ಕದಲ್ಲಿ ಧೂಳಿನಲ್ಲೇ ಕೂತೆ. ದಾರಿಹೋಕರು ಶಾಲು ಸುತ್ತಿದ ಬಾಣಂತಿಯನ್ನು ತಿರುಗಿ ತಿರುಗಿ ನೋಡಿದರು. ಮುಮ್ತಾಝ್ ಬೇಕು ಎಂದು ಅವಳು ಹೇಳಿದಷ್ಟು ಸಲವೂ ಹೌದು, ಬೇಕು ಎಂದೆ. ಒಂದೊಂದು ಸಲವೂ ಕಹಿ ಮದ್ದು ನುಂಗಿದ ಹಾಗೆ. ಎಷ್ಟು ಹೊತ್ತೋ ಗೊತ್ತಿಲ್ಲ. ಅವಳು ಕುಂಡೆ ಎಳೆದುಕೊಂಡು ಸ್ವಲ್ಪ ಸ್ವಲ್ಪವೇ ಸರಿದು ಬಂದು ನನ್ನ ಮಡಿಲಿಗೆ ಹತ್ತಿದಳು.

ಭಾರ ಎತ್ತಬಾರದೆಂದು ಗೊತ್ತಿದ್ದೂ ಎತ್ತಿಕೊಂಡೆ. ಜೆಪ್ಪುವಿನವರೆಗೂ ಅವಳು ಕರೆದದ್ದು ಮುಮ್ತಾಝಳನ್ನೇ, ನನ್ನ ಹೆಸರು ಒಮ್ಮೆಯೂ ಬರಲಿಲ್ಲ. ಹೊಟ್ಟೆಯೊಳಗೆ ಉರಿ ಇತ್ತು, ಇರಲಿಲ್ಲ ಎನ್ನಲಾರೆ. ಆದರೆ ಕಣ್ಣೀರು, ಸಿಂಬಳ ಎಲ್ಲವನ್ನೂ ಅವಳು ನನ್ನ ಹೆಗಲಿಗೇ ಒರೆಸುತ್ತಿದ್ದಳು. ಮನೆಯ ಮೆಟ್ಟಿಲ ಬಳಿ ಸೊಂಟ ಸೋತು ಕೆಳಗಿಳಿಸಲು ನೋಡಿದೆ. ಇಳಿಯಲಿಲ್ಲ.